‘ಆಯ್ತು’ ಅಂದ ಮಾತ್ರಕ್ಕೆ ಆಯ್ತೇ?

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಯಾರ ಹತ್ತಿರವಾದರೂ ಪೆನ್‌ಡ್ರೈವ್ ಇದೆಯಾ? ಒಳಗೆ ಏನೂ ಇರಬಾರದು, ಖಾಲಿ ಇರಬೇಕು. ಮೂರನೇ ಸಾಲಿನಲ್ಲಿ ಕೈ ಎತ್ತಿದ್ದೀರಿ, ಕೊಡಿ ಮೇಡಂ. ಮೇಲೆ 32 ಜಿಬಿ ಅಂತ ಬರೆದಿದೆ. ಅದು ನಿಜವೋ ಸುಳ್ಳೋ ನೋಡೋಣ. ಇದನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಒಂದು ಪ್ರೋಗ್ರಾಂ ಓಡಿಸಿ ಬಿಡುತ್ತೇನೆ. ಮುಗಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ನನ್ನ ಮಾತೂ ಅಷ್ಟೇ ಹೊತ್ತು. ಯಾವುದು ಮೊದಲು ಮುಗಿಯುತ್ತದೋ ಗೊತ್ತಿಲ್ಲ.

ಉಪಯೋಗಕ್ಕೆ ಬರುವ ಸಾಫ್ಟ್‌ವೇರ್‌ಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಕಂಪ್ಯೂಟರನ್ನು ಪರೀಕ್ಷೆ ಮಾಡುವವು, ಆಡಿಯೋ ವಿಡಿಯೋ ಮಾಡುವವು, ಚಾಟ್ ಮಾಡುವವು. ಸುಮ್ನೆ ಹೆಸರುಗಳ ಪಟ್ಟಿ ಓದಬಹುದಿತ್ತು. ಆದರೆ ಅಂಥ ಪಟ್ಟಿ ಬೇಗ ಹಳಸುತ್ತದೆ. ನನಗೆ ಹೇಳಬೇಕಾದದ್ದು ಬೇರೆ. ಕಂಪ್ಯೂಟರ್ ದಿನಕ್ಕೆ ಎಷ್ಟೋ ಸಲ ನಮಗೆ ‘ಆಯ್ತು’ ಅನ್ನುತ್ತದೆ. ಫೈಲ್ ಕಾಪಿ ಆಯ್ತು. ರೆಕಾರ್ಡಿಂಗ್ ಆಯ್ತು. ಮೆಸೇಜ್ ಹೋಯ್ತು. ನಾವೂ ತಲೆಯಾಡಿಸುತ್ತೇವೆ. ಕಂಪ್ಯೂಟರ್ ಪೂರ್ತಿ ಕೆಟ್ಟು ಕೂತರೆ ಗೊತ್ತಾಗುತ್ತದೆ, ರಿಪೇರಿಗೆ ಒಯ್ಯುತ್ತೇವೆ. ಕೆಟ್ಟಿದ್ದೂ ಸರಿಯಿದ್ದಂತೆ ನಟಿಸಿದಾಗಲೇ ನಿಜವಾದ ನಷ್ಟ. ಆ ನಟನೆಯನ್ನು ಹಿಡಿದುಕೊಡುವ ಸಾಫ್ಟ್‌ವೇರ್ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯುಕ್ತ.

ಈಗ ಓಡುತ್ತಿರುವುದು ಅಂಥದ್ದೇ ಒಂದು. ಹೆಸರು ಎಚ್2ಟೆಸ್ಟ್‌ಡಬ್ಲ್ಯು. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಮಾಡಿದ್ದು. ನೋಡಲು ಚೆಂದವಿಲ್ಲ, ಒಂದು ಕಿಟಕಿ, ಮೂರ್ನಾಲ್ಕು ಗುಂಡಿ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಇಟ್ಟುಕೊಂಡವರಿಗೆ ಎಫ್3 ಅಂತ ಇದೆ, ಅದೂ ಇದೇ ಕೆಲಸ ಮಾಡುತ್ತದೆ.

ಕೆಲಸ ಏನು ಅಂದರೆ, ಪೆನ್‌ಡ್ರೈವ್‌ನಲ್ಲಿ ಒಂದೊಂದು ಜಿಬಿಯ ಫೈಲುಗಳನ್ನು ತುಂಬುತ್ತಾ ಹೋಗುತ್ತದೆ. ಜಾಗ ಮುಗಿಯುವ ತನಕ. ಆಮೇಲೆ ಮೊದಲಿನಿಂದ ಒಂದೊಂದೇ ಓದಿ, ತಾನು ಬರೆದದ್ದೇ ವಾಪಸ್ ಬಂತಾ ಅಂತ ತಾಳೆ ನೋಡುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಸಾಫ್ಟ್‌ವೇರ್ ಯಾಕೆ ಅಂತ ಅನ್ನಿಸಬಹುದು. ಕಾರಣ, ನಕಲಿ ಪೆನ್‌ಡ್ರೈವ್‌ಗಳ ಮೋಸ ನಡೆಯುವುದು ಕವರಿನ ಮೇಲಲ್ಲ, ಒಳಗೆ. ಒಳಗಿರುವ ಕಂಟ್ರೋಲರ್ ಚಿಪ್ಪಿಗೇ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ 8 ಜಿಬಿ, ಕಂಪ್ಯೂಟರಿಗೆ ಹೇಳುವುದು 256 ಜಿಬಿ. ವಿಂಡೋಸ್ ಅದನ್ನೇ ನಂಬಿ ತೋರಿಸುತ್ತದೆ. 8 ಜಿಬಿ ದಾಟಿದ ಮೇಲೆ ಹಾಕಿದ್ದೆಲ್ಲ ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಹೋಗಿ ಕೂರುತ್ತದೆ. ಫೈಲಿನ ಹೆಸರು, ಸೈಜು ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಾಪಿ ಆಯ್ತು ಅಂತ ಬರುತ್ತದೆ. ತಿಂಗಳಾದ ಮೇಲೆ ಫೋಟೋ ತೆರೆಯಲು ಹೋದರೆ ಅರ್ಧ ಬೂದು ಬಣ್ಣ. ಖಾಲಿ ಡ್ರೈವ್ ಕೊಡಿ ಅಂದದ್ದೂ ಇದಕ್ಕೇ. ಡ್ರೈವ್ ನಕಲಿಯಾಗಿದ್ದರೆ ಪರೀಕ್ಷೆಯೇ ಒಳಗಿದ್ದದ್ದನ್ನು ಅಳಿಸಿಬಿಡುತ್ತದೆ.

ಪರದೆ ಮೇಲೆ 29 ಚಿಲ್ಲರೆ ಜಿಬಿ ಅಂತ ಕಾಣುತ್ತಿದೆ, ಗಾಬರಿ ಬೇಡ ಮೇಡಂ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 32 ಜಿಬಿ ಅಲ್ಲಿಗೆ ಹೋದಾಗ 29.8 ಆಗುತ್ತದೆ. ಈ ವ್ಯತ್ಯಾಸ ಮೋಸ ಅಲ್ಲ. ಕಿರಿಕಿರಿ ಅಷ್ಟೇ.

ಈಗ ರ‍್ಯಾಮ್‌ಗೆ ಬರೋಣ. ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ಅದು. ಒಂದು ಕಾಲದಲ್ಲಿ ನನ್ನ ಕಂಪ್ಯೂಟರ್ ವಿಚಿತ್ರವಾಗಿ ಆಡುತ್ತಿತ್ತು. ವಾರಕ್ಕೊಮ್ಮೆ ನೀಲಿ ಪರದೆ. ಜಿಪ್ ಫೈಲ್ ಬಿಚ್ಚಿದರೆ ಒಮ್ಮೆ ತಪ್ಪು ಬರುತ್ತಿತ್ತು, ಅದನ್ನೇ ಮತ್ತೆ ಬಿಚ್ಚಿದರೆ ಸರಿಯಾಗಿ ಬರುತ್ತಿತ್ತು. ವೈರಸ್ ಅಂದುಕೊಂಡೆ. ವಿಂಡೋಸ್ ಮರು ಸ್ಥಾಪನೆ ಮಾಡಿದೆ, ಮೂರು ಸಲ. ಮೂರೂ ಸಲ ಅದೇ ಕಥೆ. ಕೊನೆಗೆ ಒಬ್ಬ ಗೆಳೆಯ, ‘ರಾತ್ರಿ ಮೆಮ್‌ಟೆಸ್ಟ್ ಹಾಕಿ ಮಲಗು ಮಾರಾಯ’ ಅಂದ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬಾ ಕೆಂಪು ಸಾಲುಗಳು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದೆ, ಅಲ್ಲಿಗೆ ಮುಗಿಯಿತು. ಮೂರು ಸಲದ ಮರು ಸ್ಥಾಪನೆ ದಂಡ.

ಮೆಮ್‌ಟೆಸ್ಟ್ 86 ಶುರುವಾದದ್ದು 1994ರಲ್ಲಿ. ಅದರಿಂದ ಕವಲೊಡೆದ ಮೆಮ್‌ಟೆಸ್ಟ್ 86 ಪ್ಲಸ್ ಪೂರ್ತಿ ಉಚಿತ, ಅದರ ಮೂಲ ಕೋಡೂ ಎಲ್ಲರಿಗೂ ತೆರೆದಿದೆ. ಇದನ್ನು ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಬೂಟ್ ಮಾಡಬೇಕು, ಅಂದರೆ ವಿಂಡೋಸ್ ಇಲ್ಲದೆ ಶುರು ಮಾಡಬೇಕು. ವಿಂಡೋಸ್ ಒಳಗಿಂದ ಯಾಕೆ ಆಗದು? ವಿಂಡೋಸ್ ತಾನೇ ಆ ರ‍್ಯಾಮ್ ಮೇಲೆ ಕೂತಿರುತ್ತದಲ್ಲ. ಚಾಪೆ ಮೇಲೆ ಕೂತುಕೊಂಡೇ ಆ ಚಾಪೆ ಕೊಡವಲು ಆಗುತ್ತದಾ? ಮೆಮ್‌ಟೆಸ್ಟ್ ತಾನು ಬಹಳ ಕಡಿಮೆ ಜಾಗ ಹಿಡಿದು, ಉಳಿದ ಕಡೆಯೆಲ್ಲ ಸೊನ್ನೆ, ಒಂದು, ಒಂದು ಬಿಟ್ಟು ಒಂದು, ಹೀಗೆ ಬೇರೆ ಬೇರೆ ವಿನ್ಯಾಸ ಬರೆದು ಓದುತ್ತದೆ. ಒಂದು ಸುತ್ತು ಸಾಲದು. ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ‘ಲಕ್ಷಾಂತರದಲ್ಲಿ ಒಂದು ತಾನೇ’ ಎಂಬ ಉದಾರತೆ ಇಲ್ಲಿ ನಡೆಯುವುದಿಲ್ಲ. ಆ ಒಂದು ಬಿಟ್ ನಿಮ್ಮ ಲೆಕ್ಕದ ಹಾಳೆಯಲ್ಲೇ ಇರಬಹುದು.

ಪ್ರೊಸೆಸರ್ ಕೂಡ ತಪ್ಪು ಲೆಕ್ಕ ಮಾಡುತ್ತದಾ ಅಂತ ಒಬ್ಬರು ನಡುವೆಯೇ ಕೇಳಿದರು. ಮಾಡಿದೆ. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರೊಫೆಸರ್ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದರು. ಉತ್ತರ ಹೊಂದಿಕೆಯಾಗಲಿಲ್ಲ. ಅವರು ಮೊದಲು ತಮ್ಮ ಪ್ರೋಗ್ರಾಂ ಮೇಲೇ ಅನುಮಾನಪಟ್ಟರು. ತಿಂಗಳುಗಟ್ಟಲೆ ಒಂದೊಂದನ್ನೇ ತಳ್ಳಿಹಾಕುತ್ತಾ ಹೋಗಿ ಕೊನೆಗೆ ಹೊಸ ಪೆಂಟಿಯಂ ಚಿಪ್ಪಿಗೆ ಬಂದು ನಿಂತರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕು. ಪೆಂಟಿಯಂ 1.3337 ಅಂತಿತ್ತು. ಭಾಗಾಕಾರಕ್ಕೆ ಬಳಸುವ ಒಂದು ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದವು, ಅಷ್ಟೇ. ಇಂಟೆಲ್ ಚಿಪ್ ಬದಲಿಸಿಕೊಡಲು 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ನನಗೆ ಇಷ್ಟವಾಗುವುದು ಆ ಮೊತ್ತ ಅಲ್ಲ. ನಾಲ್ಕನೇ ದಶಮಾಂಶ ಸ್ಥಾನದಲ್ಲಿ ಮೋಸ ಹಿಡಿಯುವವರು ಇದ್ದರಲ್ಲ, ಅದು.

ಇದೇ ಅವಿಭಾಜ್ಯ ಸಂಖ್ಯೆಗಳ ಹುಚ್ಚಿನಿಂದ ಇನ್ನೊಂದು ಸಾಧನ ಬಂತು, ಪ್ರೈಮ್95. ಮರ್ಸೆನ್ ಎಂಬ ಬಗೆಯ ದೊಡ್ಡ ದೊಡ್ಡ ಅವಿಭಾಜ್ಯಗಳನ್ನು ಹುಡುಕಲು 1996ರಲ್ಲಿ ಶುರುವಾದ ಜಿಂಪ್ಸ್ ಯೋಜನೆಯದು. ಸಾಮಾನ್ಯರು ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ಈ ಹುಡುಕಾಟಕ್ಕೆ ಕೊಡುತ್ತಾರೆ. 2024ರಲ್ಲಿ ಸಿಕ್ಕ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿಗಳಿವೆ. ಇಷ್ಟು ಕಠಿಣ ಲೆಕ್ಕ ಮಾಡುವಾಗ ಪ್ರೊಸೆಸರ್ ಕಾದು ಕೆಂಡವಾಗುತ್ತದೆ. ಹಾಗಾಗಿ ಜನ ಇದನ್ನು ಕಂಪ್ಯೂಟರಿನ ತಾಕತ್ತು ನೋಡಲು ಬಳಸತೊಡಗಿದರು. ಆ ಪರೀಕ್ಷೆಯಲ್ಲಿ ಕೊಡುವ ಲೆಕ್ಕಗಳ ಉತ್ತರ ಮೊದಲೇ ಗೊತ್ತಿರುತ್ತದೆ. ನಿಮ್ಮ ಚಿಪ್ ಬೇರೆ ಉತ್ತರ ಕೊಟ್ಟರೆ ತಕ್ಷಣ ನಿಲ್ಲಿಸಿ ಹೇಳುತ್ತದೆ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್ಪುಗಳು ಕೆಲವು ಲೆಕ್ಕಗಳಲ್ಲಿ ಹೆಪ್ಪುಗಟ್ಟಿ ನಿಲ್ಲುವುದನ್ನು ಹಿಡಿದದ್ದೂ ಈ ಬಳಗವೇ. ನೀವು ಓಡಿಸುವುದಾದರೆ ಪಕ್ಕದಲ್ಲಿ ಎಚ್‌ಡಬ್ಲ್ಯು ಮಾನಿಟರ್ ಥರದ್ದನ್ನು ತೆರೆದು ಬಿಸಿ ಎಷ್ಟಿದೆ ಅಂತ ನೋಡುತ್ತಿರಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಯಾನಿಗೆ ಧೂಳು ಮೆತ್ತಿದ್ದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾರ್ಡ್‌ಡಿಸ್ಕ್‌ಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಕು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ದಿನಚರಿಗೆ ಸ್ಮಾರ್ಟ್ ಅಂತ ಹೆಸರು. ಅದನ್ನು ಇದು ಓದಿ ತೋರಿಸುತ್ತದೆ. ನೀಲಿ ಇದ್ದರೆ ಸರಿ, ಹಳದಿ ಬಂದರೆ ಅವತ್ತೇ ಫೈಲುಗಳನ್ನು ಬೇರೆಡೆಗೆ ಸಾಗಿಸಿ. ಮುಖ್ಯವಾಗಿ 05 ಮತ್ತು ಸಿ5 ಎಂಬ ಎರಡು ಸಾಲು ನೋಡಿ. ಡಿಸ್ಕ್ ಕೈಬಿಟ್ಟ ಜಾಗಗಳೆಷ್ಟು, ಓದಲಾಗದೆ ಒದ್ದಾಡುತ್ತಿರುವ ಜಾಗಗಳೆಷ್ಟು ಅನ್ನುವುದು ಅಲ್ಲಿದೆ. ಆದರೆ ನೀಲಿಯನ್ನೂ ಪೂರ್ತಿ ನಂಬಬೇಡಿ. ಗೂಗಲ್‌ನವರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಬಿಚ್ಚಿಟ್ಟರು. ಸತ್ತುಹೋದ ಡಿಸ್ಕ್‌ಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚು ಸ್ಮಾರ್ಟ್‌ನಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಪರೀಕ್ಷೆ ಬ್ಯಾಕಪ್‌ಗೆ ಬದಲಿ ಅಲ್ಲ.

ಪರೀಕ್ಷೆಯ ಸಾಫ್ಟ್‌ವೇರ್ ತಾನೇ ಸಾಚಾ ಅಂತ ಹೇಗೆ ಗೊತ್ತು? ಒಳ್ಳೆಯ ಪ್ರಶ್ನೆ, ಇದು ಹಿಂದಿನ ಸಾಲಿನಿಂದ ಬಂತು. ಆಂಟಿವೈರಸ್‌ಗಾದರೆ ಒಂದು ತಮಾಷೆಯ ವಿಧಾನ ಇದೆ. ಐಕಾರ್ ಅಂತ 68 ಅಕ್ಷರಗಳ ಒಂದು ಪುಟ್ಟ ಫೈಲು. ಯಾವ ಹಾನಿಯೂ ಮಾಡದು. ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ಕಂಡ ಕೂಡಲೇ ‘ವೈರಸ್’ ಅಂತ ಕೂಗಬೇಕು ಎಂದು ಒಪ್ಪಂದವಾಗಿದೆ. ಕೂಗದಿದ್ದರೆ ನಿಮ್ಮ ಕಾವಲುಗಾರ ನಿದ್ದೆ ಹೊಡೆಯುತ್ತಿದ್ದಾನೆ ಅಂತ ಅರ್ಥ.

ಬೇರೆ ಸಾಫ್ಟ್‌ವೇರ್‌ಗೆ ಎರಡು ದಾರಿ. ಒಂದು, ಡೌನ್‌ಲೋಡ್ ಮಾಡಿದ ಫೈಲಿನ ಷಾ-256 ಮೊತ್ತವನ್ನು ಅವರ ತಾಣದಲ್ಲಿ ಕೊಟ್ಟಿದ್ದರ ಜೊತೆ ತಾಳೆ ನೋಡುವುದು. 64 ಅಕ್ಷರ-ಅಂಕಿಗಳ ಒಂದು ಬೆರಳಚ್ಚು ಅದು. 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಯಾರು ಮಾಡುತ್ತಾರೆ ಇದನ್ನೆಲ್ಲ ಅಂತೀರಾ? 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಸಾಫ್ಟ್‌ವೇರ್‌ನ ಎರಡು ಡೌನ್‌ಲೋಡ್ ಸರ್ವರ್‌ಗಳಲ್ಲಿ ಒಂದಕ್ಕೆ ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕಳ್ಳ ಪ್ರತಿ ಇಟ್ಟರು. ನಾಲ್ಕು ದಿನ ಹಾಗೇ ಇತ್ತು. ಪ್ಯಾನಿಕ್ ಎಂಬ ಸಾಫ್ಟ್‌ವೇರ್ ಕಂಪನಿಯ ಸಹ ಸ್ಥಾಪಕರೇ ಅದನ್ನು ಹಾಕಿಕೊಂಡು, ಕಂಪನಿಯ ಮೂಲ ಕೋಡ್ ಕಳವಾಯಿತು. ಜೀವನವೆಲ್ಲ ಕೋಡ್ ಬರೆದವರ ಗತಿ ಇದು. ತಾಳೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆದರೆ ಬೆರಳಚ್ಚಿಗೂ ಮಿತಿ ಇದೆ. ಮೂಲದಲ್ಲೇ ವಿಷ ಇದ್ದರೆ ಅದೂ ಕೈಚೆಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಲಿನಕ್ಸ್ ಸಾಧನದಲ್ಲಿ ಕಳ್ಳರು ಒಳನುಗ್ಗಲು ಗುಟ್ಟಾಗಿ ಇಟ್ಟ ಹಿಂಬಾಗಿಲು ಸಿಕ್ಕಿತಲ್ಲ, ಅದು ಅಧಿಕೃತ ಪ್ರತಿಯಲ್ಲೇ ಇತ್ತು. ಸಿಕ್ಕಿದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನೋ ವೇಗ ಪರೀಕ್ಷೆ ಮಾಡುತ್ತಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ನಾವಾಗಿದ್ದರೆ ಇಂಟರ್ನೆಟ್ ನಿಧಾನ ಅಂತ ಬಯ್ದು ಸುಮ್ಮನಾಗುತ್ತಿದ್ದೆವು. ಅವರು ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದರು.

ಎರಡನೇ ದಾರಿ, ಅನುಮಾನದ ಸಾಫ್ಟ್‌ವೇರನ್ನು ಬೇರೆ ಕೋಣೆಯಲ್ಲಿ ಕೂರಿಸುವುದು. ವರ್ಚುವಲ್‌ಬಾಕ್ಸ್ ಹಾಕಿಕೊಂಡರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಒಳಗೆ ಏನು ಬೇಕಾದರೂ ಮಾಡಿ, ಕೆಟ್ಟರೆ ಹಿಂದಕ್ಕೆ ಹೋಗಿ. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದವರಿಗೆ 2019ರಿಂದ ಸ್ಯಾಂಡ್‌ಬಾಕ್ಸ್ ಅಂತ ಒಳಗೇ ಬಂದಿದೆ. ಕಿಟಕಿ ಮುಚ್ಚಿದರೆ ಅದರಲ್ಲಿದ್ದದ್ದೆಲ್ಲ ಮಾಯ.

ಪೆನ್‌ಡ್ರೈವ್ ನೋಡೋಣ. ಬರೆಯುವುದು ಇನ್ನೂ ಅರ್ಧಕ್ಕೆ ಬಂದಿದೆ. ಇರಲಿ.

ಮೀಡಿಯಾ ತಯಾರಿಕೆ. ಈ ಮಾತಿಗೇ ಎರಡು ಅರ್ಥ ಇದೆ. ರಿಪೇರಿ ಮಾಡುವವರ ಬಾಯಲ್ಲಿ ಮೀಡಿಯಾ ಅಂದರೆ ವಿಂಡೋಸ್ ಹಾಕುವ ಪೆನ್‌ಡ್ರೈವ್. ಅದಕ್ಕೆ ರೂಫಸ್ ಅಥವಾ ವೆಂಟಾಯ್ ಬಳಸಿ, ಎರಡೂ ಉಚಿತ. ವೆಂಟಾಯ್‌ನಲ್ಲಿ ಒಂದೇ ಡ್ರೈವ್‌ಗೆ ಹತ್ತು ಐಎಸ್‌ಒ ಫೈಲು (ಸ್ಥಾಪನೆಯ ಡಿಸ್ಕಿನ ಪೂರ್ತಿ ನಕಲು) ಸುರಿದು, ಬೂಟ್ ಆಗುವಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಉಳಿದವರಿಗೆ ಮೀಡಿಯಾ ಅಂದರೆ ದನಿ, ಚಿತ್ರ, ವಿಡಿಯೋ.

ಇಲ್ಲಿ ನನ್ನದೇ ಒಂದು ಪೆಟ್ಟಿನ ಕಥೆ ಇದೆ. ವಯಸ್ಸಾದ ಒಬ್ಬರ ಜೊತೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದೆ. ಮೇಜಿನ ಮೇಲೆ ಒಳ್ಳೆಯ ಮೈಕ್ ಇತ್ತು. ಸಾಫ್ಟ್‌ವೇರ್ ಮಾತ್ರ ಲ್ಯಾಪ್‌ಟಾಪಿನ ಒಳಗಿನ ಮೈಕನ್ನೇ ಹಿಡಿದುಕೊಂಡಿತ್ತು. ಮನೆಗೆ ಬಂದು ಕೇಳಿದರೆ ಅವರ ದನಿ ಬಾವಿಯೊಳಗಿಂದ ಬಂದ ಹಾಗೆ. ಅದರ ಮೇಲೆ ನಾನು ಸಾಲುಸಾಲಾಗಿ ಟೈಪ್ ಮಾಡಿದ ಕಟಕಟ ಸದ್ದು ಮಾತ್ರ ಸ್ಪಷ್ಟ. ಕೆಂಪು ಚುಕ್ಕಿ ಮಿನುಗುತ್ತಲೇ ಇತ್ತು. ‘ರೆಕಾರ್ಡ್ ಆಗುತ್ತಿದೆ’ ಅಂತ ಅದು ಹೇಳಿದ್ದು ಸುಳ್ಳೇನಲ್ಲ, ಯಾವುದನ್ನು ಅಂತ ನಾನು ಕೇಳಲಿಲ್ಲ. ಇನ್ನೊಮ್ಮೆ ಕೂರಿ ಅಂತ ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳಿ, ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ತಟ್ಟಿದ್ದು ಜೋರಾಗಿ ಕೇಳಿದರೆ ಅದೇ ಮೈಕ್.

ಆಡಾಸಿಟಿ ಎಲ್ಲರಿಗೂ ಗೊತ್ತಿರಬಹುದು. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾಗಿ 2000ದಲ್ಲಿ ಹೊರಬಂದದ್ದು. ದನಿ ಕತ್ತರಿಸಲು, ಜೋಡಿಸಲು ಇವತ್ತಿಗೂ ನಾನು ಅದನ್ನೇ ತೆರೆಯುವುದು. ಅದರಲ್ಲಿ ಗದ್ದಲ ತೆಗೆಯುವ ಕೆಲಸ ಎರಡು ಹೆಜ್ಜೆಯದು. ಮೊದಲು ಯಾರೂ ಮಾತಾಡದ ಭಾಗವನ್ನು ತೋರಿಸಿ ‘ಇದು ಗದ್ದಲ’ ಅಂತ ಗುರುತು ಹೇಳಬೇಕು. ಆಮೇಲೆ ಪೂರ್ತಿ ರೆಕಾರ್ಡಿಂಗ್ ಮೇಲೆ ಓಡಿಸಬೇಕು. ಹಾಗಾಗಿ ರೆಕಾರ್ಡ್ ಶುರುವಾದ ಮೇಲೆ ಐದು ಸೆಕೆಂಡ್ ಸುಮ್ಮನಿರಿ. ಕೋಣೆಯ ಮೌನವೂ ಬೇಕಾಗುತ್ತದೆ. ಜಾಸ್ತಿ ತೆಗೆಯಲು ಹೋದರೆ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತದೆ. ಅದಕ್ಕಿಂತ ಸ್ವಲ್ಪ ಫ್ಯಾನ್ ಸದ್ದೇ ವಾಸಿ. ದನಿ ಮಿತಿ ಮೀರಿ ಜೋರಾಗಿ ಅಲೆಯ ತಲೆ ಕತ್ತರಿಸಿ ಹೋಗಿದ್ದರೆ ಮಾತ್ರ ಚೆನ್ನಾಗಿ ಸರಿಮಾಡುವುದು ಕಷ್ಟ. ಸಣ್ಣ ದನಿಯನ್ನು ಏರಿಸಬಹುದು, ಒಡೆದ ದನಿಯನ್ನು ಕೂಡಿಸುವುದು ಬಹಳ ಕಷ್ಟ.

ಪರದೆ ರೆಕಾರ್ಡ್ ಮಾಡಲು, ಲೈವ್ ಹೋಗಲು ಒಬಿಎಸ್ ಸ್ಟುಡಿಯೋ. ಅದರ ಕೆಳಗೆ ಹಸಿರು, ಹಳದಿ, ಕೆಂಪು ಪಟ್ಟಿ ಕುಣಿಯುತ್ತದೆ. ಮಾತು ಹಳದಿಯಲ್ಲಿ ಆಡುತ್ತಿರಲಿ, ಕೆಂಪು ಮುಟ್ಟದಿರಲಿ. ಇನ್ನೊಂದು ಮಾತು, ರೆಕಾರ್ಡಿಂಗನ್ನು ಎಂಕೆವಿ ಎಂಬ ಫೈಲ್ ಮಾದರಿಯಲ್ಲಿ ಮಾಡಿ. ಸಾಮಾನ್ಯ ಎಂಪಿ4 ಫೈಲಿಗೆ ತನ್ನೊಳಗೆ ಏನು ಎಲ್ಲಿದೆ ಎಂಬ ಸೂಚಿ ಬೇಕು. ಅದನ್ನು ರೆಕಾರ್ಡ್ ಮುಗಿದ ಮೇಲೆ ಬರೆಯುತ್ತಾರೆ. ನಡುವೆ ಕರೆಂಟು ಹೋದರೆ ಸೂಚಿ ಇಲ್ಲ, ಎರಡು ಗಂಟೆಯ ವಿಡಿಯೋ ಡಿಸ್ಕ್‌ನಲ್ಲಿ ಇದ್ದೂ ತೆರೆಯದು. ಎಂಕೆವಿಯಲ್ಲಿ ಅಲ್ಲಿಯ ತನಕದ್ದು ಉಳಿಯುತ್ತದೆ. ಆಮೇಲೆ ಒಬಿಎಸ್‌ನಲ್ಲೇ ರೀಮಕ್ಸ್ ಒತ್ತಿದರೆ ಎಂಪಿ4 ಆಗುತ್ತದೆ. ಗುಣಮಟ್ಟ ಕೂದಲಷ್ಟೂ ಕಡಿಮೆಯಾಗದು. ಯಾಕೆಂದರೆ ಎಂಕೆವಿ, ಎಂಪಿ4 ಎಲ್ಲ ಡಬ್ಬಿಗಳು. ಒಳಗಿರುವ ಸರಕು, ಅಂದರೆ ಕೋಡೆಕ್, ಬೇರೆ. ಡಬ್ಬಿ ಬದಲಿಸುವುದಕ್ಕೂ ಸರಕನ್ನೇ ಮತ್ತೆ ಅರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹ್ಯಾಂಡ್‌ಬ್ರೇಕ್ ಅರೆಯುತ್ತದೆ. ಸೈಜು ಇಳಿಸಲು ಒಳ್ಳೆಯದು, ಆದರೆ ಒಮ್ಮೆ ಹೋದ ವಿವರ ಹೋಯಿತು. ಮೂಲ ಫೈಲನ್ನು ಅಳಿಸುವ ಮೊದಲು ಹೊಸದನ್ನು ಕೊನೆಯ ತನಕ ನೋಡಿ. ಕೊನೆಯ ತನಕ ಅಂದೆ. ಮೊದಲ ನಿಮಿಷ ಸರಿಯಿದ್ದು, ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ತಾಳ ತಪ್ಪಿರುತ್ತದೆ.

ಇವೆಲ್ಲದರ ತಳದಲ್ಲಿ ಇರುವುದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ್ದು. ಅದಕ್ಕೆ ಗುಂಡಿಗಳಿಲ್ಲ, ಆದೇಶ ಟೈಪ್ ಮಾಡಬೇಕು. ವಿಎಲ್‌ಸಿ, ಒಬಿಎಸ್, ಹ್ಯಾಂಡ್‌ಬ್ರೇಕ್ ಮೂರರ ಒಳಗೂ ಅದಿದೆ.

ಚಿತ್ರಕ್ಕೆ ಗಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ವಿಡಿಯೋ ಜೋಡಣೆಗೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಇವನ್ನು ಮಾತಿನಲ್ಲಿ ಕಲಿಸಲು ಆಗದು, ಕೂತು ಮಾಡಬೇಕು. 3ಡಿ ಚಿತ್ರ, ಆನಿಮೇಷನ್ ಮಾಡುವ ಬ್ಲೆಂಡರ್ ಬಗ್ಗೆ ಮಾತ್ರ ಒಂದು ಮಾತು. 2002ರಲ್ಲಿ ಅದನ್ನು ಮಾಡಿದ ಕಂಪನಿ ಮುಚ್ಚಿತು. ಒಂದು ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಡುಗಡೆ ಅಂತಾಯಿತು. ಬಳಸುವ ಜನರೇ ಏಳು ವಾರದಲ್ಲಿ ಅಷ್ಟು ಹಣ ಕೂಡಿಸಿ ಬಿಡಿಸಿಕೊಂಡರು. 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ಚಿತ್ರ ತಯಾರಾದದ್ದು ಇದೇ ಬ್ಲೆಂಡರ್‌ನಲ್ಲಿ.

ಇನ್ನು ಚಾಟ್. ಇದರಲ್ಲಿ ಸತ್ತವರ ಪಟ್ಟಿಯೇ ದೊಡ್ಡದು. ಎಐಎಂ 1997ರಲ್ಲಿ ಬಂತು, 2017ರಲ್ಲಿ ಹೋಯಿತು. ಯಾಹೂ ಮೆಸೆಂಜರ್ 2018ರಲ್ಲಿ. 1996ರಲ್ಲಿ ಹುಟ್ಟಿದ ಐಸಿಕ್ಯೂ 2024ರ ಜೂನ್‌ನಲ್ಲಿ. 2003ರ ಸ್ಕೈಪ್ 2025ರ ಮೇನಲ್ಲಿ. ಪ್ರತಿ ಸಲವೂ ಜನ ಗೆಳೆಯರ ಪಟ್ಟಿ, ಹಳೆಯ ಮಾತುಕತೆ ಹೊತ್ತುಕೊಂಡು ಗುಳೆ ಹೋಗಬೇಕಾಯಿತು. ಇವೆಲ್ಲಕ್ಕಿಂತ ಹಳೆಯದಾದ ಐಆರ್‌ಸಿ ಮಾತ್ರ ಇನ್ನೂ ಇದೆ. ಫಿನ್ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೋ ಓಯಿಕಾರಿನೆನ್ 1988ರ ಆಗಸ್ಟ್‌ನಲ್ಲಿ ಬರೆದದ್ದು. ಕಾರಣ ಸರಳ. ಅದು ಒಂದು ಕಂಪನಿಯ ಸ್ವತ್ತಲ್ಲ, ಕಂಪ್ಯೂಟರುಗಳು ಪರಸ್ಪರ ಮಾತಾಡುವ ಒಂದು ನಿಯಮ. ಯಾರು ಬೇಕಾದರೂ ಸರ್ವರ್ ನಡೆಸಬಹುದು. 2021ರಲ್ಲಿ ಫ್ರೀನೋಡ್ ಎಂಬ ದೊಡ್ಡ ಜಾಲದ ಆಡಳಿತದಲ್ಲಿ ಜಗಳ ಬಂತು. ನಡೆಸುತ್ತಿದ್ದ ಸ್ವಯಂಸೇವಕರು ಎದ್ದು ಹೋಗಿ ಲಿಬೆರಾ ಚಾಟ್ ಕಟ್ಟಿದರು. ಬಳಸುವವರು ತಮ್ಮ ಸಾಫ್ಟ್‌ವೇರ್‌ನಲ್ಲಿ ಸರ್ವರ್‌ನ ಹೆಸರು ಬದಲಿಸಿದರು, ಅಷ್ಟೇ. ಇವತ್ತಿನ ಕಾಲಕ್ಕೆ ಅದೇ ಗುಣ ಬೇಕೆಂದರೆ ಮ್ಯಾಟ್ರಿಕ್ಸ್ ಮತ್ತು ಎಕ್ಸ್‌ಎಂಪಿಪಿ ಇವೆ. ಆದರೆ ನಮ್ಮ ಮನೆಯವರೆಲ್ಲ ಇರುವುದು ವಾಟ್ಸ್‌ಆ್ಯಪ್‌ನಲ್ಲಿ, ಗೊತ್ತು. ನಾನೂ ಅಲ್ಲೇ ಇದ್ದೇನೆ.

ಚಾಟ್‌ನಲ್ಲೂ ಪರೀಕ್ಷೆ ಇದೆ ಅಂದರೆ ಆಶ್ಚರ್ಯ ಆಗಬಹುದು. ಸಿಗ್ನಲ್, ವಾಟ್ಸ್‌ಆ್ಯಪ್ ಎರಡರಲ್ಲೂ ಮೆಸೇಜು ಕಳಿಸಿದವರ ಫೋನಿನಲ್ಲೇ ಬೀಗ ಬೀಳುತ್ತದೆ, ಪಡೆದವರ ಫೋನಿನಲ್ಲೇ ತೆರೆಯುತ್ತದೆ. ನಡುವಿನ ಸರ್ವರ್‌ಗೆ ಓದಲು ಬರುವುದಿಲ್ಲ. ಹಾಗಂತ ಅವರು ಹೇಳುತ್ತಾರೆ. ಬೀಗದ ಕೈ ನಿಮ್ಮ ಗೆಳೆಯರದ್ದೇ ಅಂತ ಏನು ಗ್ಯಾರಂಟಿ? ಅವರ ಹೆಸರಿನ ಮೇಲೆ ಒತ್ತಿ ಒಳಗೆ ಹೋದರೆ 60 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಎದುರು ಬದುರು ಕೂತಾಗ ಇಬ್ಬರ ಫೋನಿನಲ್ಲೂ ಅದು ಒಂದೇನಾ ನೋಡಿ, ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಒಂದೇ ಇದ್ದರೆ ನಡುವೆ ಯಾರೂ ಕೂತಿಲ್ಲ. ಎಷ್ಟು ಜನ ನೋಡಿದ್ದೀರಿ? ಒಂದು, ಎರಡು ಕೈ. ನಿರೀಕ್ಷಿಸಿದ್ದೆ. ಟೆಲಿಗ್ರಾಂನಲ್ಲಿ ಸಾಮಾನ್ಯ ಚಾಟ್‌ಗೆ ಈ ಥರದ ಬೀಗವೇ ಇಲ್ಲ, ಸೀಕ್ರೆಟ್ ಚಾಟ್ ಅಂತ ಬೇರೆಯಾಗಿ ತೆರೆಯಬೇಕು. ಎಷ್ಟೋ ಜನ ಇದನ್ನು ಉಲ್ಟಾ ತಿಳಿದಿದ್ದಾರೆ.

ಹೋದ ಸ್ಕೈಪ್‌ನಲ್ಲಿ ನನಗೆ ಇಷ್ಟವಾಗಿದ್ದದ್ದು ಒಂದೇ. ಅದರ ಪಟ್ಟಿಯಲ್ಲಿ ಎಕೋ ಅಂತ ಒಂದು ಹೆಸರು ಇರುತ್ತಿತ್ತು. ಕರೆ ಮಾಡಿದರೆ ಒಂದು ದನಿ ‘ಮಾತಾಡಿ’ ಅನ್ನುತ್ತಿತ್ತು. ನೀವು ಮಾತಾಡಿದ್ದನ್ನು ಕೆಲವು ಸೆಕೆಂಡ್ ಬಿಟ್ಟು ನಿಮಗೇ ಕೇಳಿಸುತ್ತಿತ್ತು. ‘ಕೇಳಿಸ್ತಿದೆಯಾ? ಹಲೋ? ಈಗ ಕೇಳಿಸ್ತಿದೆಯಾ?’ ಅಂತ ಮೀಟಿಂಗಿನ ಮೊದಲ ಐದು ನಿಮಿಷ ಕಳೆಯುವ ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಉಪಕಾರ ಇನ್ನೊಂದಿಲ್ಲ. ಈಗ ಝೂಮ್‌ನಲ್ಲೂ ಪರೀಕ್ಷಾ ಮೀಟಿಂಗ್ ಇದೆ. ಸೇರುವ ಮೊದಲು ಒಮ್ಮೆ ಒಳಹೊಕ್ಕು ಬನ್ನಿ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಮುಗಿಸಿದೆ. ಹಸಿರು ಅಕ್ಷರ. ತಪ್ಪಿಲ್ಲದೆ ಪರೀಕ್ಷೆ ಮುಗಿದಿದೆ, ಬರೆಯುವ ವೇಗ ಸೆಕೆಂಡಿಗೆ 15 ಎಂಬಿ. ನಿಮ್ಮ ಡ್ರೈವ್ ಸಾಚಾ ಮೇಡಂ, ಸ್ವಲ್ಪ ನಿಧಾನ ಅಷ್ಟೇ.

ವಾಪಸ್ ಪಡೆಯಲು ಬಂದ ಅವರು, ‘ಕೆಟ್ಟಿದ್ದರೆ ನಿಮ್ಮ ಭಾಷಣಕ್ಕೆ ಚೆನ್ನಾಗಿರುತ್ತಿತ್ತು, ಅಲ್ವಾ ಸರ್?’ ಅಂದರು. ಒಪ್ಪಿಕೊಂಡೆ. ಆಮೇಲೆ ಚೀಲದಿಂದ ಇನ್ನೊಂದು ಡ್ರೈವ್ ತೆಗೆದರು. ‘ಇದನ್ನೂ ಒಮ್ಮೆ ನೋಡ್ತೀರಾ? ಇದರಲ್ಲಿ 2 ಟಿಬಿ ಅಂತ ಬರೆದಿದೆ.’